ಹೈಪರ್ ಎಂದರೆ ಉಪ್ಪರಿಗೆ

‘ಅವರಿಗೆ ಥೈರಾಯ್ಡ್ ಇದೆಯಂತೆ.’ ಹೆಬ್ಬಾಳದಲ್ಲಾಗಲಿ, ಆರ್.ಟಿ. ನಗರದಲ್ಲಾಗಲಿ, ಯಲಹಂಕದಲ್ಲಾಗಲಿ ನಾಲ್ಕು ಜನ ಕೂತು ಆರೋಗ್ಯದ ಮಾತೆತ್ತಿದರೆ ಈ ವಾಕ್ಯ ಕಿವಿಗೆ ಬೀಳದೆ ಇರುವುದಿಲ್ಲ. ನಿಜಕ್ಕೂ ಥೈರಾಯ್ಡ್ ಎಲ್ಲರಿಗೂ ಇದೆ. ಅದು ಕತ್ತಿನ ಮುಂಭಾಗದಲ್ಲಿರುವ ಗ್ರಂಥಿ. ಗುರಾಣಿಯ ಆಕಾರದ್ದು ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಆ ಹೆಸರು ಬಂದಿದೆ. ಕಾಯಿಲೆ ಯಾವುದೆಂದು ಹೇಳುವ ಭಾಗ ಆ ಪದಕ್ಕೆ ಮೊದಲು ಬರುತ್ತದೆ: ಹೈಪೋ ಅಥವಾ ಹೈಪರ್. ಮಾತಿನಲ್ಲಿ ಉದುರಿಹೋಗುವುದು ಅದೇ.

ಹೈಪೋಥೈರಾಯ್ಡ್ ಆದರೆ ಗ್ರಂಥಿಯಿಂದ ಹಾರ್ಮೋನು ಸಾಲುತ್ತಿಲ್ಲ ಎಂದು ಅರ್ಥ. ಸುಸ್ತು, ಚಳಿ ತಡೆಯಲಾಗದಿರುವುದು, ತೂಕ ಏರುವುದು ಅದರ ಲಕ್ಷಣಗಳು. ಹೈಪರ್ ಆದರೆ ಹಾರ್ಮೋನು ವಿಪರೀತ ಹೆಚ್ಚು: ತೂಕ ಇಳಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಸೆಕೆ ಸಹಿಸಲಾಗುವುದಿಲ್ಲ. ಮೊದಲನೆಯದಕ್ಕೆ ವೈದ್ಯರು ಥೈರಾಕ್ಸಿನ್ ಮಾತ್ರೆ ಬರೆಯುತ್ತಾರೆ. ಎರಡನೆಯದಕ್ಕೆ ಗ್ರಂಥಿಯ ಕೆಲಸವನ್ನು ತಗ್ಗಿಸುವ ಮದ್ದು ಬೇಕು. ‘ನಿಮಗೂ ಥೈರಾಯ್ಡಾ? ನಾನು ತಗೊಳ್ಳೋ ಮಾತ್ರೆಯನ್ನೇ ತಗೊಳ್ಳಿ’ ಎಂಬ ಪಕ್ಕದ ಮನೆಯ ಪ್ರೀತಿಯ ಸಲಹೆ ಹೈಪರ್ ಇದ್ದವರಿಗೆ ಅಪಾಯ ತರಬಲ್ಲದು. ಸಕ್ಕರೆ ಕಾಯಿಲೆಯಲ್ಲೂ ಹೀಗೇ. ಹೈಪೋಗ್ಲೈಸೀಮಿಯ ಎಂದರೆ ರಕ್ತದಲ್ಲಿ ಸಕ್ಕರೆ ಕುಸಿದಿದೆ, ತಕ್ಷಣ ಸಿಹಿ ಕೊಡಬೇಕು. ಹೈಪರ್ ಆಗಿದ್ದರೆ ಸಿಹಿಯ ಹತ್ತಿರ ಸುಳಿಯಬಾರದು. ಒಂದೇ ಥರ ಕೇಳಿಸುವ ಎರಡು ಚೂರುಗಳು ಎದುರುಬದುರಾದ ಎರಡು ಚಿಕಿತ್ಸೆಗಳನ್ನು ಹಿಡಿದುಕೊಂಡಿವೆ.

ಇವನ್ನು ನೆನಪಿಟ್ಟುಕೊಳ್ಳಲು ಕನ್ನಡಿಗರು ಇಂಗ್ಲಿಷ್ ಪದಪಟ್ಟಿ ಉರುಹೊಡೆಯಬೇಕಿಲ್ಲ. ಹೈಪರ್ ಗ್ರೀಕ್ ಭಾಷೆಯದು, ‘ಮೇಲೆ’ ಎಂದು ಅದರ ಅರ್ಥ. ಅದರ ಲ್ಯಾಟಿನ್ ಜೋಡಿ ಸೂಪರ್. ಇವೆರಡರ ಸಂಸ್ಕೃತ ಬಂಧು ‘ಉಪರಿ’. ಹಳೆಯ ಮನೆಗಳ ಮೇಲಂತಸ್ತಿಗೆ ಕನ್ನಡ ಇಟ್ಟುಕೊಂಡಿರುವ ಉಪ್ಪರಿಗೆ ಎಂಬ ಹೆಸರು ಬಂದದ್ದು ಇದೇ ‘ಉಪರಿ’ಯಿಂದ. ಹೈಪೋ ಎಂದರೆ ‘ಕೆಳಗೆ’. ಅದರ ಲ್ಯಾಟಿನ್ ಜೋಡಿ ಸಬ್, ಸಂಸ್ಕೃತದ ಬಂಧು ‘ಉಪ’. ಸೈಟು ನೋಂದಣಿಗೆಂದು ಜನ ಸಾಲು ನಿಲ್ಲುವ ಸಬ್ ರಿಜಿಸ್ಟ್ರಾರ್ ಕಚೇರಿಯ ಫಲಕದ ಮೇಲೆ ಕನ್ನಡದಲ್ಲಿ ಬರೆದಿರುವುದು ‘ಉಪನೋಂದಣಾಧಿಕಾರಿ’ ಎಂದೇ. ಉಪಮುಖ್ಯಮಂತ್ರಿ, ಉಪಾಧ್ಯಕ್ಷ, ಉಪವಿಭಾಗ, ಎಲ್ಲ ಕಡೆಯೂ ‘ಉಪ’ ಒಂದು ಮೆಟ್ಟಿಲು ಕೆಳಗಿನದನ್ನು ಹೇಳುತ್ತದೆ. ಹೈಪರ್ ಎಂದರೆ ಉಪ್ಪರಿಗೆ, ಹೈಪೋ ಎಂದರೆ ಉಪ. ಒಮ್ಮೆ ತಿಳಿದವರಿಗೆ ಮರೆಯುವುದು ಕಷ್ಟ.

ಇದು ಕಾಕತಾಳೀಯವಲ್ಲ. 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಹುಟ್ಟಿರಬೇಕು ಎಂದರು. ಮುಂದಿನ ಭಾಷಾವಿಜ್ಞಾನ ಅದನ್ನು ನಿಯಮಗಳ ಸಮೇತ ತೋರಿಸಿಕೊಟ್ಟಿತು. ಕನ್ನಡ ಬೇರೆ ಕುಟುಂಬದ ಭಾಷೆ, ದ್ರಾವಿಡ ಭಾಷೆ. ಆದರೆ ಸಾವಿರಾರು ಸಂಸ್ಕೃತ ಪದಗಳನ್ನು ಬಳಸಿ ಪಳಗಿಸಿಕೊಂಡಿರುವುದರಿಂದ ಲ್ಯಾಟಿನ್ನಿನ ದಾಯಾದಿಗಳು ಕನ್ನಡಿಗರ ನಾಲಿಗೆಯ ಮೇಲೆ ಆಗಲೇ ಕೂತಿದ್ದಾರೆ. ಪೆಡೆಸ್ಟ್ರಿಯನ್‌ನಲ್ಲಿ ಇರುವುದು ‘ಪಾದಚಾರಿ’ಯ ಪಾದವೇ. ಡೆಂಟಿಸ್ಟ್‌ನಲ್ಲಿ ಇರುವುದು ದಂತ. ಗಾಡಿಯ ಇಗ್ನಿಷನ್ ಕೀಲಿಯಲ್ಲಿ ಲ್ಯಾಟಿನ್ನಿನ ಇಗ್ನಿಸ್ ಇದೆ, ಅದು ನಮ್ಮ ಅಗ್ನಿ. ನೇವಿಯಲ್ಲಿ ನೌಕೆ, ಮೆಟರ್ನಿಟಿಯಲ್ಲಿ ಮಾತೃ.

ನಿಷೇಧ ಹೇಳುವ ‘ಅ’ಕಾರದ ಕಥೆಯಂತೂ ಇನ್ನೂ ಸೊಗಸಾಗಿದೆ. ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’ ಎಂಬ ನಿಯಮವನ್ನು ಕನ್ನಡ ವ್ಯಾಕರಣ ಓದಿದ ಹುಡುಗರೆಲ್ಲ ಬಲ್ಲರು: ಅಶಾಂತಿ, ಅಜ್ಞಾನ, ಅನಂತ, ಅನಾರೋಗ್ಯ. ಗ್ರೀಕ್‌ನಲ್ಲೂ ನಿಷೇಧಕ್ಕೆ ಇದೇ ‘ಅ’, ಇದೇ ‘ಅನ್’. ರಕ್ತಹೀನತೆಗೆ ಅನೀಮಿಯ ಎನ್ನುವಾಗ ಮೊದಲು ಬರುವುದು ಆ ‘ಅನ್’. ದುರ್ಗಂಧ, ದುಸ್ಥಿತಿಗಳ ‘ದುಸ್’ ಡಿಸೆಂಟ್ರಿ, ಡಿಸ್ಲೆಕ್ಸಿಯಗಳ ಮೊದಲಲ್ಲಿ ನಿಂತಿದೆ. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ ದಾಟಿ ಹೊಸೂರು ರಸ್ತೆಯವರೆಗೆ ಎಂದು ಯೋಜಿಸಿ, ಯಲಹಂಕ ಸುತ್ತಿನ ರೈತರನ್ನು ವರ್ಷಗಟ್ಟಲೆ ಕಾಯಿಸಿರುವ ಪೆರಿಫೆರಲ್ ರಿಂಗ್ ರಸ್ತೆಯ ‘ಪೆರಿ’ ನಮ್ಮ ಪರಿಧಿ, ಪರಿಸರ, ಪರಿವಾರದ ‘ಪರಿ’. ಸುತ್ತ ಎಂದು ಅರ್ಥ. ಯೋಜನೆಯ ಹೆಸರನ್ನು ಈಗ ಬದಲಿಸಿದ್ದಾರೆ. ಹಳ್ಳಿಗಳಲ್ಲಿ ಇಂದಿಗೂ ‘ಪಿಆರ್‌ಆರ್’ ಎಂದೇ ಕರೆಯುತ್ತಾರೆ.

ಇಷ್ಟೆಲ್ಲ ಹತ್ತಿರದ ನೆಂಟಸ್ತಿಕೆ ಇದ್ದೂ ಶಾಲೆಯಲ್ಲಿ ಒಬ್ಬರೂ ಪರಿಚಯ ಮಾಡಿಕೊಡುವುದಿಲ್ಲ. ಅದರ ಬೆಲೆ ತೆರುವವರು ಕನ್ನಡ ಮಾಧ್ಯಮದ ಮಕ್ಕಳು.

ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಹುಡುಗಿ ‘ದ್ಯುತಿಸಂಶ್ಲೇಷಣೆ’ಯ ಚಿತ್ರ ಬಿಡಿಸಿ ಪೂರ್ತಿ ಅಂಕ ತೆಗೆದಿರುತ್ತಾಳೆ. ಪಿಯುಸಿಯ ಮೊದಲ ವಾರವೇ ಅವಳ ಮುಂದೆ ಫೋಟೋಸಿಂಥೆಸಿಸ್ ಬಂದು ನಿಲ್ಲುತ್ತದೆ. ಅದು ಹೊಸ ಪಾಠ, ತನಗೆ ಗೊತ್ತಿಲ್ಲದ್ದು ಎಂದು ಅವಳು ತಿಳಿಯುತ್ತಾಳೆ. ಎರಡನ್ನೂ ಅಕ್ಕಪಕ್ಕ ಬರೆದು ಬಿಡಿಸಿದರೆ ಹೆದರಿಕೆ ಹೋಗುತ್ತದೆ. ಫೋಟೋ ಎಂದರೆ ಬೆಳಕು, ದ್ಯುತಿ ಎಂದರೂ ಬೆಳಕು. ಸಿನ್ ಎಂದರೆ ಕೂಡಿ, ಸಂ ಎಂದರೂ ಕೂಡಿ. ಥೆಸಿಸ್ ಎಂದರೆ ಇಡುವುದು, ಶ್ಲೇಷಣೆ ಎಂದರೆ ಅಂಟಿಸುವುದು. ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರು ಒಂದೊಂದು ಭಾಗಕ್ಕೂ ಒಂದೊಂದು ಭಾಗ ಹೊಂದಿಸಿ ಪದ ಕಟ್ಟಿದ್ದಾರೆ. ಆ ಕಟ್ಟಡದ ನಕ್ಷೆಯನ್ನು ಮಕ್ಕಳಿಗೆ ತೋರಿಸದಿರುವುದು ಆ ಶ್ರಮಕ್ಕೆ ಮಾಡುವ ಅನ್ಯಾಯ.

ಹೈಡ್ರೋಜನ್ ಜಲಜನಕವಾದದ್ದೂ ಹೀಗೇ. ಹೈಡ್ರೋ ನೀರು, ಜೆನ್ ಹುಟ್ಟಿಸುವುದು. ಇಲ್ಲಿ ಅರ್ಥವಷ್ಟೇ ಅಲ್ಲ, ಜೆನ್ ಮತ್ತು ಜನಕ ಒಂದೇ ಬೇರಿನ ಚಿಗುರುಗಳು. ಆಕ್ಸಿಜನ್ ಎಂಬ ಹೆಸರಿಟ್ಟ ಫ್ರಾನ್ಸಿನ ಲವಾಸಿಯೇ ಎಲ್ಲ ಆಮ್ಲಗಳಲ್ಲೂ ಆ ಅನಿಲ ಇದ್ದೇ ಇರುತ್ತದೆ ಎಂದು ನಂಬಿದ್ದ. ಆ ನಂಬಿಕೆ ತಪ್ಪೆಂದು ಮುಂದೆ ಗೊತ್ತಾಯಿತು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ. ಆದರೆ ಹೆಸರು ಉಳಿಯಿತು. ಅದನ್ನು ನಿಷ್ಠೆಯಿಂದ ಅನುವಾದಿಸಿದ ಕನ್ನಡದ ‘ಆಮ್ಲಜನಕ’ದಲ್ಲೂ ಆ ಹಳೆಯ ತಪ್ಪು ಹಾಗೇ ಕೂತಿದೆ. ಒಂದು ಪದವನ್ನು ಒಡೆದು ನೋಡಿದ ಮಗುವಿಗೆ ರಸಾಯನಶಾಸ್ತ್ರದ ಇತಿಹಾಸದ ಒಂದು ಪುಟವೇ ಸಿಗುತ್ತದೆ.

ಈಗ ನಡೆಯುತ್ತಿರುವುದೇನು? ಕನ್ನಡದ ತರಗತಿಯಲ್ಲಿ ಸಂಧಿ, ಸಮಾಸ, ತತ್ಸಮ, ತದ್ಭವಗಳನ್ನು ಪರೀಕ್ಷೆಯ ಒಂದೊಂದು ಅಂಕಕ್ಕಾಗಿ ಕಲಿಸುತ್ತಾರೆ. ಇಂಗ್ಲಿಷ್ ತರಗತಿಯಲ್ಲಿ ಪದದ ಹಿಂದೆ ಮುಂದೆ ಅನ್, ಡಿಸ್, ನೆಸ್ ಸೇರಿಸುವ ಬಿಟ್ಟ ಸ್ಥಳ ತುಂಬಿಸುತ್ತಾರೆ. ವಿಜ್ಞಾನದ ಮೇಷ್ಟ್ರು ಪಾರಿಭಾಷಿಕ ಪದವನ್ನು ಬೋರ್ಡಿನ ಮೇಲೆ ಬರೆದು ಮುಂದೆ ಹೋಗುತ್ತಾರೆ. ಮೂವರೂ ಒಂದೇ ಕೆಲಸ ಮಾಡುತ್ತಿದ್ದಾರೆಂದು ಮಕ್ಕಳಿಗೆ ಹೇಳುವವರಿಲ್ಲ. ವಿದೇಶಕ್ಕೆ ಹೊರಡುವವರು ಲ್ಯಾಟಿನ್ ಬೇರುಗಳ ಪಟ್ಟಿಯನ್ನು ಕೋಚಿಂಗ್ ಕೇಂದ್ರದಲ್ಲಿ ದುಡ್ಡು ಕೊಟ್ಟು ಕಲಿಯುತ್ತಾರೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು, ಅದು ಒಳ್ಳೆಯದೇ. ಸೀಟು ಸಿಕ್ಕಮೇಲೆ ಎದುರಾಗುವ ದಪ್ಪ ಅಂಗರಚನಾಶಾಸ್ತ್ರದ ಪುಸ್ತಕ ಮಾತ್ರ ಪುಟಪುಟಕ್ಕೂ ಗ್ರೀಕ್ ಮತ್ತು ಲ್ಯಾಟಿನ್.

ಬಿಡಿಸುವ ಅಭ್ಯಾಸವನ್ನು ಆರಂಭಿಸಲು ಲ್ಯಾಟಿನ್‌ಗೆ ಹೋಗಬೇಕಾಗಿಯೂ ಇಲ್ಲ, ಹೆಬ್ಬಾಳದಿಂದಲೇ ಶುರುಮಾಡಬಹುದು. 2018ರಲ್ಲಿ ಅಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅದರಲ್ಲಿರುವ ‘ಪೆರ್ಬೊಳಲ್ ನಾಡು’ ಇಂದಿನ ಹೆಬ್ಬಾಳದ ಹಳೆಯ ಹೆಸರೆಂದು ವಿದ್ವಾಂಸರು ಗುರುತಿಸಿದ್ದಾರೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪೆರ್ ‘ಹೆ’ ಆಯಿತು. ಆ ‘ಹೆ’ ಕನ್ನಡದಲ್ಲಿ ಎಷ್ಟು ಕಡೆ ಕೂತಿದೆ ನೋಡಿ: ಹೆಬ್ಬಾಗಿಲು, ಹೆಮ್ಮರ, ಹೆಜ್ಜೇನು, ಹೆಬ್ಬಾವು, ಹೆಬ್ಬೆರಳು, ಹೆಗ್ಗುರುತು, ಮೇಲ್ಸೇತುವೆಯ ಕೆಳಗೆ ಹಾದುಹೋಗುವ ಹೆದ್ದಾರಿ. ವ್ಯಾಕರಣ ಇವನ್ನು ಹಿರಿದು ಎಂಬ ಪದ ಕೂಡಿದ ಕರ್ಮಧಾರಯ ಸಮಾಸ ಎನ್ನುತ್ತದೆ, ಅದು ಸರಿ. ಆದರೆ ಓದುವ ಮಗುವಿನ ಮಟ್ಟಿಗೆ ಆ ‘ಹೆ’ ಮಾಡುವ ಕೆಲಸ ಮೆಗಾ, ಮ್ಯಾಕ್ರೋ ಮಾಡುವ ಕೆಲಸವೇ. ಹೆಬ್ಬಾಳದ ಶಾಲೆಯೊಂದರಲ್ಲಿ ಊರ ಹೆಸರನ್ನು ಒಡೆದು ತೋರಿಸುವ ಒಂದು ತರಗತಿ ನಡೆದರೆ, ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಕಲ್ಲೂ ಪಾಠವಾಗುತ್ತದೆ, ಪದ ಬಿಡಿಸುವ ವಿದ್ಯೆಯೂ ಕೈಗೆ ಬರುತ್ತದೆ.

ಸುತ್ತಲ ಊರುಗಳೂ ಸಾಲಾಗಿ ನಿಂತಿವೆ. ಭೂಪಸಂದ್ರ, ಥಣಿಸಂದ್ರಗಳ ‘ಸಂದ್ರ’ ಸಮುದ್ರದ ಸವೆದ ರೂಪ, ದೊಡ್ಡ ಕೆರೆಗೆ ಹಿಂದಿನವರು ಕೊಟ್ಟ ಗೌರವದ ಹೆಸರು.

ಯಶವಂತಪುರದ ಉದಾಹರಣೆ ಇನ್ನೂ ಶ್ರೀಮಂತ. ರೈಲು ನಿಲ್ದಾಣದಲ್ಲಿ ಪೆಟ್ಟಿಗೆ ಹೊರುವವರು ಪೋರ್ಟರ್. ಕೂಗಳತೆಯ ದೂರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊರುವವರು ಹಮಾಲಿ. ಪೋರ್ಟಾರೆ ಎಂದರೆ ಲ್ಯಾಟಿನ್ನಿನಲ್ಲಿ ಹೊರು, ಒಯ್ಯು. ಹಮಾಲಿಯ ಹಿಂದಿರುವುದು ಅರಬ್ಬಿಯ ಹಮ್ಮಾಲ್, ಅದಕ್ಕೂ ಹೊರುವವ ಎಂದೇ ಅರ್ಥ. ಪೋರ್ಟ್ ಎಂಬ ಒಂದು ಬೇರು ಗೊತ್ತಾದರೆ ಆ ಯಾರ್ಡಿನ ವ್ಯಾಪಾರವೆಲ್ಲ ಅರ್ಥವಾಗುತ್ತದೆ: ಒಳಗೆ ಒಯ್ದರೆ ಇಂಪೋರ್ಟ್, ಹೊರಗೆ ಒಯ್ದರೆ ಎಕ್ಸ್‌ಪೋರ್ಟ್, ಅಡ್ಡಲಾಗಿ ದಾಟಿಸಿದರೆ ಟ್ರಾನ್ಸ್‌ಪೋರ್ಟ್, ಸುದ್ದಿಯನ್ನು ಹೊತ್ತು ತಂದರೆ ರಿಪೋರ್ಟ್. ಏರ್‌ಪೋರ್ಟಿನ ಪೋರ್ಟ್ ಮಾತ್ರ ಬಂದರು ಎಂಬ ಅರ್ಥದ ಪೋರ್ಟುಸ್‌ನಿಂದ ಬಂದದ್ದು, ಹತ್ತಿರದ ನೆಂಟನೇ ಆದರೂ ಬೇರೆ ಪದ.

ಇಲ್ಲಿ ಎಚ್ಚರಿಕೆಯ ಮಾತು ಬೇಕೇ ಬೇಕು. ಈ ವಿದ್ಯೆಯನ್ನು ಕೀಲಿಕೈ ಎಂದು ಮಾರುವವರು ಅದರ ಮೋಸಗಳನ್ನು ಹೇಳುವುದಿಲ್ಲ.

ಆರ್.ಟಿ. ನಗರದಂಥ ಬಡಾವಣೆಯ ಮುಖ್ಯರಸ್ತೆಯಲ್ಲಿ ಒಂದು ಫಲಕ ಪೆಡಿಕ್ಯೂರ್ ಎನ್ನುತ್ತದೆ, ನಾಲ್ಕು ಅಂಗಡಿ ಆಚೆಗೆ ಇನ್ನೊಂದು ಪೀಡಿಯಾಟ್ರಿಕ್ಸ್ ಎನ್ನುತ್ತದೆ. ಅಮೆರಿಕದ ಕಾಗುಣಿತದಲ್ಲಿ ಎರಡರ ಮೊದಲ ನಾಲ್ಕು ಅಕ್ಷರಗಳೂ ಒಂದೇ. ಮೊದಲನೆಯದು ಲ್ಯಾಟಿನ್ನಿನ ಪಾದ, ಎರಡನೆಯದು ಗ್ರೀಕ್‌ನ ಮಗು. ಮೂಳೆ ವೈದ್ಯರ ಆರ್ಥೋಪೀಡಿಕ್ಸ್‌ನಲ್ಲೂ ಇರುವುದು ಮಗುವೇ. 1741ರಲ್ಲಿ ಫ್ರಾನ್ಸಿನ ನಿಕೊಲಾ ಆಂಡ್ರಿ ಮಕ್ಕಳ ಅಂಗವಿಕಾರಗಳನ್ನು ನೇರ ಮಾಡುವ ಕಲೆಗೆ ಆ ಹೆಸರು ಕಟ್ಟಿದ. ಆರ್ಥೋ ಎಂದರೆ ನೆಟ್ಟಗೆ. ತುಮಕೂರು ರಸ್ತೆಯಲ್ಲಿ ಹೋಗುವ ಟ್ಯಾಂಕರುಗಳ ಬೆನ್ನ ಮೇಲೆ ಬರೆದಿರುವ ಇನ್‌ಫ್ಲೇಮಬಲ್ ಇನ್ನೂ ಅಪಾಯಕಾರಿ. ‘ಇನ್’ ನಿಷೇಧವೆಂದು ಕಲಿತವರು ಅದನ್ನು ‘ಬೆಂಕಿ ಹತ್ತದ್ದು’ ಎಂದು ಓದಿಯಾರು. ಅಲ್ಲಿನ ‘ಇನ್’ಗೆ ಒಳಗೆ ಎಂಬ ಅರ್ಥ, ಸುಲಭವಾಗಿ ಉರಿಯುವುದು ಎಂಬುದೇ ಪದದ ತಾತ್ಪರ್ಯ. ಈ ಗೊಂದಲಕ್ಕೆ ಹೆದರಿಯೇ ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆ 1920ರ ದಶಕದಲ್ಲಿ ‘ಫ್ಲೇಮಬಲ್’ ಎಂದು ಬರೆಯಲು ಒತ್ತಾಯಿಸಿತು.

ಕನ್ನಡದಲ್ಲೂ ಮೋಸಗಳಿವೆ. ‘ಅಪರೂಪ’ವನ್ನು ಅಪ ಮತ್ತು ರೂಪ ಎಂದು ಒಡೆದರೆ ಕುರೂಪ ಸಿಗುತ್ತದೆ, ವಿರಳ ಸಿಗುವುದಿಲ್ಲ. ಹೆಜ್ಜೆಯ ‘ಹೆ’ಯಲ್ಲಿ ಹಿರಿದೇನೂ ಇಲ್ಲ. ಹಾರ ಎಂಬ ಒಂದೇ ಭಾಗ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂದು ಐದು ದಿಕ್ಕಿಗೆ ಓಡುತ್ತದೆ. ಉಪಸರ್ಗಕ್ಕೆ ಸ್ವಂತ ಅರ್ಥ ಇದೆಯೋ ಇಲ್ಲವೋ ಎಂಬ ಜಗಳವನ್ನು ಯಾಸ್ಕ ತನ್ನ ನಿರುಕ್ತದಲ್ಲೇ ದಾಖಲಿಸಿದ್ದಾನೆ: ಶಾಕಟಾಯನ ಇಲ್ಲ ಎಂದ, ಗಾರ್ಗ್ಯ ಇದೆ ಎಂದ. ಹಾಗಾಗಿ ಒಡೆದು ಸಿಕ್ಕ ಅರ್ಥವನ್ನು ಊಹೆ ಎಂದು ಹಿಡಿಯಬೇಕು, ವಾಕ್ಯದಲ್ಲಿಟ್ಟು ನೋಡಬೇಕು, ಆಮೇಲೆ ನಿಘಂಟು ತೆಗೆಯಬೇಕು. ಮೂರೂ ಹೆಜ್ಜೆ ಕಲಿಸದ ಮೇಷ್ಟ್ರು ಅರ್ಧ ಕಲಿಸಿದಂತೆ.

ಲ್ಯಾಟಿನ್ ಎಂದರೆ ಮೇಲಿನಿಂದ ಇಳಿದುಬಂದ ಪವಿತ್ರ ಭಾಷೆ ಎಂಬ ಅಂಜಿಕೆಯೂ ಬೇಡ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವವರು ದಿನವೂ ಉಚ್ಚರಿಸುವ ಸಸ್ಯನಾಮಗಳಲ್ಲಿ ಈ ನೆಲದ ಮಾತುಗಳೇ ಲ್ಯಾಟಿನ್ ವೇಷ ತೊಟ್ಟಿವೆ. ಅಡಿಕೆಯ ಕುಲನಾಮ ಅರೆಕ, ಕರಾವಳಿಯ ಅಡಿಕೆ–ಅಡಕ್ಕ ಪೋರ್ಚುಗೀಸರ ಬಾಯಲ್ಲಿ ಪಡೆದ ರೂಪ. ಮಾವಿನ ಮ್ಯಾಂಜಿಫೆರ ಎಂದರೆ ಮಾಂಗಾ ಹೊರುವ ಮರ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ, ಹೆಬ್ಬಾಳದ ಕೃಷಿ ಶಾಲೆಯ ಹುಟ್ಟಿಗೂ ಕಾರಣರಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಜೀವಿಯನ್ನು 1910ರಲ್ಲಿ ವಿವರಿಸಿದರು. ಅದು ಫೈಟಾಫ್ತೊರ: ಫೈಟಾನ್ ಸಸ್ಯ, ಫ್ತೊರ ನಾಶ, ಅಂದರೆ ಗಿಡನಾಶಿ. ಕಾಫಿಯ ಕಪ್ಪುಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ 1876ರಲ್ಲೇ ಇಂಗ್ಲೆಂಡಿನ ಕುಕ್ ಇಟ್ಟ ಹೆಸರಿನ ಎರಡನೆಯ ಭಾಗ ‘ಕೊಳೆರೋಗ’. ಮುಂದೆ ಅದು ಕುಲನಾಮವೇ ಆಗಿ ಕೊಳೆರೋಗ ನಾಕ್ಸಿಯ ಎನಿಸಿಕೊಂಡಿತು. ಕೊಳೆ ಎಂಬ ಅಚ್ಚಗನ್ನಡ ಪದ ಇಂದು ಜಗತ್ತಿನ ಸಸ್ಯರೋಗ ಪುಸ್ತಕಗಳಲ್ಲಿದೆ. ಇಂಥ ಹೆಸರುಗಳ ಒಗಟನ್ನು ಕಥೆಯಂತೆ ಬಿಡಿಸಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಸಸ್ಯಶಾಸ್ತ್ರ ಓದದವರೂ ಅದನ್ನು ಓದಿ ಖುಷಿಪಟ್ಟರು.

ಪದ ಬಿಡಿಸಿ ಕಲಿಸಬೇಕೆಂಬ ಈ ವಾದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ತಮ್ಮ ಪುಸ್ತಕಗಳಲ್ಲಿ ವಾದಿಸಿದಂತೆ, ಸಂಸ್ಕೃತದ ಭಾರದ ಪದಗಳೇ ಕನ್ನಡದ ಮಗುವಿಗೆ ಪರಕೀಯ. ಇಂಗ್ಲಿಷ್ ಪದಗಳಿಗೆ ಕನ್ನಡದ್ದೇ ಪದಗಳನ್ನು, ಕನ್ನಡದ್ದೇ ಒಟ್ಟುಗಳಿಂದ, ಅಂದರೆ ಪ್ರತ್ಯಯಗಳಿಂದ, ಕಟ್ಟಬೇಕು. ದ್ಯುತಿ ಎಂದರೇನೆಂದು ಮನೆಯಲ್ಲಿ ಕೇಳಿರದ ಮಗುವಿಗೆ ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್‌ನಷ್ಟೇ ಕಬ್ಬಿಣದ ಕಡಲೆ ಎಂಬುದು ಸುಳ್ಳಲ್ಲ. ಆದರೆ ಆ ಪದಗಳು ಈಗಾಗಲೇ ಪಠ್ಯದಲ್ಲಿ, ಕಚೇರಿಯಲ್ಲಿ, ಪತ್ರಿಕೆಯಲ್ಲಿ ನೆಲೆಯೂರಿವೆ. ಅವನ್ನು ಬಿಡಿಸಿ ತೋರಿಸದೆ ಬಾಯಿಪಾಠ ಮಾಡಿಸುವುದೇ ನಿಜವಾದ ಭಾರ. ಭಟ್ಟರ ಮಾತಿನಿಂದ ತೆಗೆದುಕೊಳ್ಳಬೇಕಾದ್ದು ಕ್ರಮ: ಮೊದಲು ಹೆಮ್ಮರ ಮತ್ತು ಹೆದ್ದಾರಿ, ಜೊತೆಗೆ ಗಾರ, ತನ, ಇಗ, ವಂತ ಎಂಬ ಪ್ರತ್ಯಯಗಳು, ನಂತರ ಅ, ದುರ್, ಉಪ, ಪರಿ, ಕೊನೆಗೆ ಹೈಪೋ, ಹೈಪರ್. ಮನೆಯ ಮಾತಿನಿಂದ ಹೊರಟು ದೂರದ ಮಾತಿಗೆ ಹೋಗಬೇಕು.

ಕನ್ನಡ ಓದುಗರಿಗೆ ಇದರಲ್ಲಿ ಆಸಕ್ತಿ ಇಲ್ಲ ಎನ್ನುವವರು ಜಿ. ವೆಂಕಟಸುಬ್ಬಯ್ಯನವರನ್ನು ನೆನೆಯಬೇಕು. 1991ರಲ್ಲಿ ಪ್ರಜಾವಾಣಿಯಲ್ಲಿ ಆರಂಭವಾದ ಅವರ ‘ಇಗೋ ಕನ್ನಡ’ ಅಂಕಣಕ್ಕೆ ಓದುಗರು ವರ್ಷಗಟ್ಟಲೆ ಪ್ರಶ್ನೆ ಕಳಿಸಿದರು: ಈ ಪದ ಎಲ್ಲಿಂದ ಬಂತು, ಯಾವುದು ಸರಿ, ಒಡೆದರೆ ಏನು ಅರ್ಥ. 2021ರಲ್ಲಿ 107ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಕುತೂಹಲ ಅವರೊಂದಿಗೆ ಹೋಗಿಲ್ಲ, ಅದಕ್ಕೆ ತರಗತಿಯಲ್ಲಿ ಜಾಗ ಸಿಕ್ಕಿಲ್ಲ ಅಷ್ಟೆ.

ಪಠ್ಯಪುಸ್ತಕ ಸಂಘ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಎಂಟರಿಂದ ಹತ್ತನೇ ತರಗತಿಯವರೆಗಿನ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿ ಪ್ರತಿ ಪಾಠದ ಕೊನೆಗೆ ಅರ್ಧ ಪುಟ ಬಿಟ್ಟು, ಆ ಪಾಠದ ಪಾರಿಭಾಷಿಕ ಪದಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಭಾಗಭಾಗವಾಗಿ ಬಿಡಿಸಿ ಅಕ್ಕಪಕ್ಕ ಅಚ್ಚು ಹಾಕಲಿ. ಕನ್ನಡದ ಮೇಷ್ಟ್ರೂ ವಿಜ್ಞಾನದ ಮೇಷ್ಟ್ರೂ ವಾರಕ್ಕೊಂದು ತರಗತಿ ಕೂಡಿ ತೆಗೆದುಕೊಳ್ಳಲಿ. ಅದಕ್ಕೆ ಹೊಸ ಹುದ್ದೆ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ಓದುಗರಲ್ಲಿಯೂ ಒಂದು ಮನವಿ: ಮುಂದಿನ ಸಲ ಮನೆಯವರ ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಥೈರಾಯ್ಡ್ ಎಂಬಲ್ಲಿಗೆ ಓದು ನಿಲ್ಲಿಸಬೇಡಿ. ಅದರ ಹಿಂದಿರುವುದು ಹೈಪೋ ಆಗಿದೆಯೋ ಹೈಪರ್ ಆಗಿದೆಯೋ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ, ಮಾತ್ರೆ ನುಂಗುವವರಿಗೂ ಅದನ್ನು ತಿಳಿಸಿ ಹೇಳಿ.